ಸ್ವಿಚ್ ಆರಿಸಿದರೂ ಮಲಗದ ಕರೆಂಟು

ನಮ್ಮ ಮನೆಯ ಅಟ್ಟದ ಮೇಲೆ ಒಂದು ಮರದ ಪೆಟ್ಟಿಗೆ ಇತ್ತು. ನನ್ನ ತಂದೆ ಗ್ರಾಮಫೋನ್ ರೆಕಾರ್ಡು ಕೇಳಲು ಕೊಂಡಿದ್ದ ಆಂಪ್ಲಿಫೈಯರ್ ಅದು. ಈ ಸಲ ದಸರಾ ರಜೆಗೆ ಬಂದ ಮೊಮ್ಮಗಳು ಅದನ್ನು ಕೆಳಗಿಳಿಸುವವರೆಗೂ ನನ್ನನ್ನು ಬಿಡಲಿಲ್ಲ. ಅವಳ ಅಜ್ಜಿಗೂ ಒಂದು ಆಸೆ ಇತ್ತು. ನಮ್ಮ ಮದುವೆಗೆ ಉಡುಗೊರೆಯಾಗಿ ಬಂದ ನಾಗಸ್ವರದ ರೆಕಾರ್ಡನ್ನು ವಿಜಯದಶಮಿಯ ದಿನ ಇನ್ನೊಮ್ಮೆ ಕೇಳಬೇಕು ಎಂದು.

ನಾನು ಹರೆಯದಲ್ಲಿ ರೇಡಿಯೊ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡಿದವನು. ಹಾಗಾಗಿ ಧೈರ್ಯ ಮಾಡಿದೆ. ಆದರೆ ಮೊದಲೇ ಷರತ್ತು ಹಾಕಿದೆ: "ಪುಟ್ಟೀ, ಪೆಟ್ಟಿಗೆಯೊಳಗೆ ಕೈ ಹಾಕುವವನು ನಾನು ಮಾತ್ರ. ನೀನು ಮೇಜಿನಿಂದ ದೂರ ಕೂತು ಮೀಟರ್ ಓದಿ ನೋಟ್‌ಬುಕ್‌ನಲ್ಲಿ ಬರೆಯಬೇಕು."

"ಇದರಲ್ಲಿ ಬಲ್ಬ್ ಯಾಕಿದೆ ಅಜ್ಜ?" ಎಂದು ಕೇಳಿದಳು. ಅದು ಬಲ್ಬ್ ಅಲ್ಲ, ವಾಲ್ವ್. 1904ರಲ್ಲಿ ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ ಮೊದಲ ವಾಲ್ವ್ ಮಾಡಿದರು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅದರೊಳಗೆ ಗ್ರಿಡ್ ಎಂಬ ತಂತಿಯ ಜಾಲರಿ ಸೇರಿಸಿದರು. ಕೆರೆಯ ತೂಬನ್ನು ನೋಡಿದ್ದೀರಲ್ಲ? ತೂಬನ್ನು ಸ್ವಲ್ಪವೇ ಎತ್ತಿದರೂ ಕಾಲುವೆಯಲ್ಲಿ ನೀರು ರಭಸವಾಗಿ ಹರಿಯುತ್ತದೆ. ಗ್ರಿಡ್ ಕೂಡ ಹಾಗೆಯೇ. ರೆಕಾರ್ಡಿನಿಂದ ಬಂದ ಸಣ್ಣ ಸದ್ದಿನ ಅಲೆ ಗ್ರಿಡ್ಡನ್ನು ಅಲುಗಿಸಿದರೆ ದೊಡ್ಡ ಕರೆಂಟು ಅದೇ ತಾಳಕ್ಕೆ ಹೆಚ್ಚು ಕಡಿಮೆ ಆಗುತ್ತದೆ. 1947ರಲ್ಲಿ ಟ್ರಾನ್ಸಿಸ್ಟರ್ ಬಂದ ಮೇಲೆ ವಾಲ್ವುಗಳು ನಿಧಾನವಾಗಿ ಮರೆಯಾದವು.

ಪ್ಲಗ್ ಹಾಕುವ ಮೊದಲೇ ಎರಡು ತಪ್ಪು ಕಂಡವು. ವೈರು ಒಣಗಿ ಬಿರುಕು ಬಿಟ್ಟಿತ್ತು, ಅದಕ್ಕೆ ಅರ್ಥಿಂಗ್ ಇರಲಿಲ್ಲ. ಫ್ಯೂಸ್ ಇರಬೇಕಾದ ಜಾಗದಲ್ಲಿ ಯಾರೋ ತಾಮ್ರದ ತಂತಿ ಸುತ್ತಿದ್ದರು. ಫ್ಯೂಸ್ ಎಂದರೆ ಮನೆಯ ಕಾವಲುಗಾರ. ಅವನನ್ನು ಕಳಿಸಿ ಗೊಂಬೆಯನ್ನು ನಿಲ್ಲಿಸಿದರೆ ಬೆಂಕಿ ಬಿದ್ದಾಗ ಕೂಗುವವರು ಯಾರು? ಮೂರು ಪಿನ್ನಿನ ಹೊಸ ವೈರು ಹಾಕಿ, ಅರ್ಥ್ ತಂತಿಯನ್ನು ಲೋಹದ ಚಾಸಿಗೆ ಬಿಗಿದು, ಸರಿಯಾದ ಅಳತೆಯ ಫ್ಯೂಸ್ ಕೂರಿಸಿದೆ.

ಆಮೇಲೆ ಸೀರೀಸ್ ಬೋರ್ಡ್. ಕರೆಂಟಿನ ದಾರಿಯಲ್ಲಿ 60 ವ್ಯಾಟಿನ ಹಳೆಯ ಕಾಲದ ತಂತಿ ಬಲ್ಬ್ ಇಡುವ ಉಪಾಯ ಇದು. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಪೆಟ್ಟಿಗೆ ಉಳಿಯುತ್ತದೆ. ನಮ್ಮ ಬಲ್ಬ್ ಒಮ್ಮೆ ಬೆಳಗಿ ಮಂಕಾಯಿತು. ಶಾರ್ಟ್ ಇಲ್ಲ ಎಂದಾಯಿತು. ಸ್ಪೀಕರ್ ಜೋಡಿಸಿಕೊಂಡು ನೇರವಾಗಿ ಹಚ್ಚಿದೆವು. ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ಲಿಫೈಯರ್ ನಡೆಸಬಾರದು, ಅದರ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಐದು ನಿಮಿಷ ಹಾಡಿತು. ಆಮೇಲೆ ಸ್ವರ ಒಡೆಯತೊಡಗಿತು. "ಅಜ್ಜ, ದೊಡ್ಡ ವಾಲ್ವ್ ಎಷ್ಟು ಚೆಂದ ಕೆಂಪಾಗಿದೆ ನೋಡು!" ಎಂದು ಮೊಮ್ಮಗಳು ಚಪ್ಪಾಳೆ ತಟ್ಟಿದಳು. ನಾನು ಓಡಿ ಗೋಡೆಯ ಸ್ವಿಚ್ ಆರಿಸಿದೆ. ವಾಲ್ವಿನ ನಡುವೆ ಮಿಣುಕುವ ಕಿತ್ತಳೆ ಬೆಳಕು ಆರೋಗ್ಯ. ಅದರ ಸುತ್ತಲಿನ ಬೂದು ಲೋಹದ ತಗಡೇ ಕೆಂಪಾದರೆ ಅದು ಜ್ವರ.

ಜ್ವರಕ್ಕೆ ಕಾರಣ ಹುಡುಕಬೇಕಿತ್ತು. ಎರಡು ವಾಲ್ವುಗಳ ನಡುವೆ ಒಂದು ಕಂಡೆನ್ಸರ್ ಇರುತ್ತದೆ. ಸದ್ದಿನ ಅಲೆಯನ್ನು ಬಿಟ್ಟು, ಹಿಂದಿನ ವಾಲ್ವಿನ ಹೆಚ್ಚು ವೋಲ್ಟೇಜನ್ನು ತಡೆಯುವುದು ಅದರ ಕೆಲಸ. ಹಳೆಯ ಕಾಗದದ ಕಂಡೆನ್ಸರ್ ಸೋರತೊಡಗಿದರೆ ಗ್ರಿಡ್ ಎಂಬ ತೂಬು ಎತ್ತಿದಂತೆಯೇ ಉಳಿಯುತ್ತದೆ. ಮರುದಿನ ಪೆಟ್ಟಿಗೆ ತಣ್ಣಗಿದ್ದಾಗ, ಪ್ಲಗ್ ತೆಗೆದು, ಒಳಗೆ ಕರೆಂಟು ಉಳಿದಿಲ್ಲ ಎಂದು ಮೀಟರಿನಿಂದ ಖಾತ್ರಿ ಮಾಡಿಕೊಂಡು ದೊಡ್ಡ ವಾಲ್ವನ್ನು ಕಿತ್ತಿಟ್ಟೆ. ಮೀಟರಿನ ಒಂದು ಕ್ಲಿಪ್ಪನ್ನು ಚಾಸಿಗೆ, ಇನ್ನೊಂದನ್ನು ಗ್ರಿಡ್ ತಂತಿಗೆ ಸಿಕ್ಕಿಸಿ, ದೂರ ನಿಂತು ಗೋಡೆಯ ಸ್ವಿಚ್ ಹಾಕಿದೆ. ಸೊನ್ನೆ ಇರಬೇಕಾದಲ್ಲಿ 11 ವೋಲ್ಟ್. "ಕಳ್ಳ ಸಿಕ್ಕಿದ!" ಎಂದು ನೋಟ್‌ಬುಕ್‌ನಲ್ಲಿ ದಾಖಲಾಯಿತು.

ಸ್ವಿಚ್ ಆರಿಸಿ ಪ್ಲಗ್ ಕಿತ್ತೆ. ಐದು ನಿಮಿಷ ಕಳೆಯಿತು. ಖುಷಿಯಲ್ಲಿದ್ದ ಮೊಮ್ಮಗಳು ಮೇಜಿನ ಹತ್ತಿರ ಬಂದು, "ಯಾವುದಜ್ಜ, ಇದಾ?" ಎಂದು ಬೆರಳು ಒಳಗೆ ಚಾಚಿದಳು.

"ಮುಟ್ಟಬೇಡ!"

ನನ್ನ ದನಿ ನನಗೇ ಹೊಸದಾಗಿತ್ತು. ಅವಳ ಕಣ್ಣಲ್ಲಿ ನೀರು ಬಂತು. "ಪ್ಲಗ್ ತೆಗೆದಿದೆಯಲ್ಲ ಅಜ್ಜ" ಎಂದಳು. ನಾನು ಮಾತಾಡದೆ ಮೀಟರಿನ ಕ್ಲಿಪ್ಪುಗಳನ್ನು ದೊಡ್ಡ ಕಂಡೆನ್ಸರಿಗೆ ಹಿಡಿದು ತೋರಿಸಿದೆ. 90 ವೋಲ್ಟ್! ಇಂಥ ಪೆಟ್ಟಿಗೆ ನಡೆಯುವಾಗ ಅಲ್ಲಿ 250ರಿಂದ 300 ವೋಲ್ಟ್ ಇರುತ್ತದೆ. ದೊಡ್ಡ ಕಂಡೆನ್ಸರ್ ಅದನ್ನು ಕೊಡದಲ್ಲಿ ನೀರು ತುಂಬಿದಂತೆ ತುಂಬಿಟ್ಟುಕೊಳ್ಳುತ್ತದೆ. ಕುಡಿಯುವ ವಾಲ್ವನ್ನು ನಾನೇ ಕಿತ್ತಿದ್ದೆ, ಹಾಗಾಗಿ ಕೊಡ ಖಾಲಿಯಾಗಿರಲಿಲ್ಲ.

ಆ ಕೊಡ ಖಾಲಿ ಮಾಡಲು ಸ್ಕ್ರೂಡ್ರೈವರ್ ತಾಗಿಸಿ ಕಿಡಿ ಹಾರಿಸುವವರಿದ್ದಾರೆ. ಅದು ತಪ್ಪು. 10 ಕಿಲೋ ಓಮ್, 5 ವ್ಯಾಟಿನ ರೆಸಿಸ್ಟರಿಗೆ ಒಳ್ಳೆಯ ರಬ್ಬರ್ ಹೊದಿಕೆಯ ಕ್ಲಿಪ್ಪುಗಳನ್ನು ಕಟ್ಟಿಟ್ಟುಕೊಂಡಿದ್ದೆ. ಒಂದು ಕ್ಲಿಪ್ ಚಾಸಿಗೆ, ಇನ್ನೊಂದು ಕಂಡೆನ್ಸರಿಗೆ. ಎಡಗೈ ಜೇಬಿನಲ್ಲಿ. ಎರಡೂ ಕೈ ಒಳಗಿದ್ದರೆ ಶಾಕ್ ಒಂದು ಕೈಯಿಂದ ಇನ್ನೊಂದಕ್ಕೆ ಹೃದಯದ ಮೂಲಕವೇ ಹೋಗಬಹುದು. ಅಂಗಡಿಯಲ್ಲಿ ನನಗೆ ಕಲಿಸಿದ ಮೊದಲ ಪಾಠವೇ ಅದು. ಮೀಟರ್ ಸರ್ರನೆ ಇಳಿಯಿತು. "40... 12... 2... ಸೊನ್ನೆ" ಎಂದು ಮೊಮ್ಮಗಳು ಓದಿದಳು. ಸೊನ್ನೆ ಎಂದು ಅವಳು ಬರೆದ ಮೇಲೆಯೇ ನಾನು ಕೈ ಹಾಕಿದ್ದು.

ಹೊಸ ಕಂಡೆನ್ಸರನ್ನು ಮಗ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ. ಹಳೆಯದರಷ್ಟೇ ಅಳತೆ, 630 ವೋಲ್ಟ್ ತಾಳುವಂಥದ್ದು. ಬೆಸುಗೆ ಹಾಕಿ ಅದೇ ಪರೀಕ್ಷೆ ಮಾಡಿದಾಗ 11 ಇದ್ದಲ್ಲಿ ಸೊನ್ನೆ ಬಂತು. ಮತ್ತೆ ಕೊಡ ಖಾಲಿ ಮಾಡಿ, ಮೀಟರ್ ನೋಡಿ, ವಾಲ್ವ್ ಕೂರಿಸಿದೆ. ಅರ್ಧ ಗಂಟೆ ಕಾದರೂ ತಗಡು ಕೆಂಪಾಗಲಿಲ್ಲ.

ವಿಜಯದಶಮಿಯ ಸಂಜೆ ನಾಗಸ್ವರ ಮೊಳಗಿತು. ಅಜ್ಜಿ ಸೆರಗಿನ ತುದಿ ಹಿಡಿದುಕೊಂಡು ಕಣ್ಣು ಮುಚ್ಚಿ ಕೂತಿದ್ದಳು.

ಮಕ್ಕಳೇ, ನಿಮ್ಮ ಮನೆಯಲ್ಲೂ ಇಂಥ ಪೆಟ್ಟಿಗೆ ಇದ್ದರೆ ನೀವಾಗಿ ತೆರೆಯಬೇಡಿ. ಅಜ್ಜಂದಿರೇ, ಕೆಲಸ ಗೊತ್ತಿಲ್ಲದಿದ್ದರೆ ನೀವೂ ಬೇಡ, ಬಲ್ಲವರಿಗೆ ಕೊಡಿ. ಪಕ್ಕದಲ್ಲಿ ಕೂತು ನೋಡುವುದರಲ್ಲೂ ಕಲಿಯುವುದು ಬಹಳ ಇದೆ. ಮೊಮ್ಮಗಳು ಊರಿಗೆ ಹೊರಡುವ ಮುಂಚೆ ಪೆಟ್ಟಿಗೆಯ ಹಿಂದೆ ಒಂದು ಚೀಟಿ ಅಂಟಿಸಿದ್ದಾಳೆ: "ಪ್ಲಗ್ ತೆಗೆದರೆ ಸಾಲದು. ಮೀಟರ್ ಸೊನ್ನೆ ಅನ್ನಬೇಕು."