ಮಣ್ಣೊಳಗೆ ಮಲಗಿದ್ದೇ ದುಡಿದ ಶುಂಠಿ

ಕೀಳಲಿಲ್ಲ, ಅಷ್ಟೇ! ಬೆಳೆದು ನಿಂತ ಶುಂಠಿಯನ್ನು ಮಣ್ಣಲ್ಲೇ ಬಿಟ್ಟು ಸುಮ್ಮನಿದ್ದರು. ಹಾಗೆ ಸುಮ್ಮನಿದ್ದವರ ಮನೆಗೆ 2023ರಲ್ಲಿ ಲಕ್ಷ್ಮಿ ನಡೆದುಕೊಂಡು ಬಂದಳು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಈ ಸಂಗತಿ ಗೊತ್ತಾದಾಗಿನಿಂದ ನನ್ನ ಬೆರಗು ಇಳಿದೇ ಇಲ್ಲ.

ಹೊಗೆಸೊಪ್ಪಿನ ಸೀಮೆ ಇದು. ಆ ಬೆಳೆಯ ದುಡಿಮೆ ಎಂಥದ್ದು ಗೊತ್ತೇ? ಎಲೆ ಎಲೆಯಾಗಿ ಬಿಡಿಸಬೇಕು, ಕಡ್ಡಿಗೆ ಕಟ್ಟಬೇಕು, ಸೊಪ್ಪು ಹದಮಾಡುವ ಬ್ಯಾರನ್‌ಗೆ ಏರಿಸಬೇಕು, ಹಗಲೂ ರಾತ್ರಿ ಸೌದೆ ಒಟ್ಟುತ್ತ ಉರಿ ಕಾಯಬೇಕು. ಶಾಖ ಸ್ವಲ್ಪ ಹೆಚ್ಚುಕಮ್ಮಿಯಾದರೂ ಸೊಪ್ಪಿನ ಬಣ್ಣ ಕೆಟ್ಟು ಹರಾಜಿನಲ್ಲಿ ದರ ಬೀಳುತ್ತದೆ. ಅಂಥ ಊರಲ್ಲಿ, ಬದುವಿನ ಆಚೆ ಪಕ್ಕದಲ್ಲೇ, ನೆಲದಡಿ ಮಲಗಿ ಬೆಲೆಗಾಗಿ ಕಾಯಬಲ್ಲ ಬೆಳೆಯೊಂದಿದೆ!

ಬೇಸಿಗೆಯ ಮಳೆಗೆ ನೆಟ್ಟ ಶುಂಠಿ ಎಂಟು ತಿಂಗಳಾಗುವ ಹೊತ್ತಿಗೆ ಎಲೆ ಹಳದಿಯಾಗಿ, ದಂಟು ಒಣಗಿ ಮಲಗುತ್ತದೆ. ಮೇಲಿನಿಂದ ನೋಡಿದರೆ ಹೊಲ ಸತ್ತಂತೆ. ಒಂದು ಹಿಡಿ ಮಣ್ಣು ಸರಿಸಿ ನೋಡಿ: ಬೆರಳಿಗೆ ಬೆರಳು ಹೆಣೆದುಕೊಂಡ ಗೆಡ್ಡೆ, ತೆಳ್ಳನೆ ಸಿಪ್ಪೆ, ಉಗುರು ತಾಗಿದರೆ ಮೂಗಿಗೆ ಏರುವ ಘಾಟು. ಜೀವಂತ! ಆಗಲೇ ಕೀಳಬೇಕೆಂಬ ಕಟ್ಟಳೆಯಿಲ್ಲ. ನೀರು ನಿಲ್ಲದ ಹೊಲವಾದರೆ ತಿಂಗಳುಗಟ್ಟಲೆ ಹಾಗೇ ಬಿಡಬಹುದು. ಮತ್ತೆ ಮಳೆ ಬಿದ್ದರೆ ಅದೇ ಗೆಡ್ಡೆ ಮೊಳಕೆಯೊಡೆದು ಮುಂದಕ್ಕೆ ಬೆಳೆಯುತ್ತದೆ. ಅದಕ್ಕೇ ಮಂಡಿಯಲ್ಲಿ ಹೊಸ ಶುಂಠಿಗೊಂದು ದರ, ಹಳೆ ಶುಂಠಿಗೊಂದು ದರ. ಯಾವ ಗೋದಾಮು ಇಷ್ಟು ಅಗ್ಗ, ಹೇಳಿ!

2023ಕ್ಕೂ ಹಿಂದಿನ ವರ್ಷಗಳಲ್ಲಿ ಶುಂಠಿಯ ಬೆಲೆ ಪಾತಾಳ ಕಂಡಿತ್ತು. ಕಿತ್ತರೆ ಕೂಲಿಯೂ ಹುಟ್ಟದೆಂದು ಕೆಲವರು ಮಣ್ಣಲ್ಲೇ ಬಿಟ್ಟರು. ಬಹಳಷ್ಟು ಜನ ನಾಟಿಯನ್ನೇ ಕಡಿಮೆ ಮಾಡಿದರು. ಮಾಲು ಸಾಲದೆ ಬಂತು. 2023ರ ಮಳೆಗಾಲದಲ್ಲಿ 60 ಕೆ.ಜಿ. ಮೂಟೆಯ ದರ 20 ಸಾವಿರ ರೂಪಾಯಿ ದಾಟಿತು! ಹೊಲಕ್ಕೆ ಕಳ್ಳರು ಇಳಿದರು, ರೈತರು ರಾತ್ರಿ ಕಾವಲು ಕೂತರು, ಕೆಲವರು ಸಿಸಿಟಿವಿ ಕ್ಯಾಮೆರಾವನ್ನೂ ಕಟ್ಟಿದರು. ಶುಂಠಿಗೆ ಸಿಸಿಟಿವಿ!

ಇನ್ನೂ ಸಲೀಸಾದ ದಾರಿ ನೆಲ ಕೊಡುವವರದ್ದು. ವೈನಾಡಿನಿಂದ ಗಡಿ ದಾಟಿ ಬರುವ ಬೆಳೆಗಾರರು ಎಚ್.ಡಿ. ಕೋಟೆ, ಹುಣಸೂರು ಕಡೆ ಜಮೀನು ಗುತ್ತಿಗೆಗೆ ಹಿಡಿಯುವುದು ಹಳೆಯ ರೂಢಿ. ಒಂದೇ ನೆಲದಲ್ಲಿ ವರ್ಷ ವರ್ಷ ಶುಂಠಿ ಹಾಕಿದರೆ ಕೊಳೆರೋಗ ಕಾಡುತ್ತದೆ, ಆದ್ದರಿಂದ ಅವರಿಗೆ ಹೊಸ ನೆಲ ಬೇಕೇ ಬೇಕು. ಬಿತ್ತನೆ, ಗೊಬ್ಬರ, ಕೂಲಿ ಅವರದ್ದು. ಎಕರೆಗೆ ಲಕ್ಷಗಟ್ಟಲೆ ಸುರಿಯುವ ಎದೆಗಾರಿಕೆಯೂ ಅವರದ್ದೇ. ಜಮೀನಿನವರದ್ದು ನೆಲ ಮತ್ತು ಕೊಳವೆಬಾವಿ, ಅಷ್ಟೇ. ಶುಂಠಿಗೆ ಹಾಕಿದ ಗೊಬ್ಬರದ ಸಾರ ಉಳಿದು ಮುಂದಿನ ಪೈರೂ ಹುಲುಸಾಗಿ ಬರುತ್ತದೆ. ಆದರೆ ಆ ನೆಲಕ್ಕೆ ಸುರಿದ ಕೀಟನಾಶಕ, ಶಿಲೀಂಧ್ರನಾಶಕವೂ ಅಲ್ಲೇ ಇಳಿದಿರುತ್ತದೆ. ಹಣ ಎಣಿಸುವಾಗ ಇದನ್ನು ಮರೆಯಬಾರದೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಆದರೆ ಗೆಡ್ಡೆಯನ್ನು ಮಣ್ಣಲ್ಲೇ ಬಿಟ್ಟು ಕಾಯುವ ಆಟ ಕೆ.ಆರ್. ನಗರದ ನಾಲೆ ಬಯಲಿನ ಗದ್ದೆಗೆ ಒಗ್ಗದು. ಕಾಲುವೆ ನೀರು ಜಿನುಗುವ ಕಡೆ ಗೆಡ್ಡೆ ಕೊಳೆತು ನಾರುತ್ತದೆ.

2023ರ ದರದ ಸುದ್ದಿ ಕೇಳಿ ಬಹಳಷ್ಟು ಜನ ಶುಂಠಿ ನಾಟಿಗೆ ಮುಗಿಬಿದ್ದರು. 2025ರ ಆರಂಭಕ್ಕೆ ದರ ಮತ್ತೆ ನೆಲಕಚ್ಚಿತು. ಆಗಲೂ ರೈತರ ಮುಂದೆ ಅದೇ ಪ್ರಶ್ನೆ: ಈಗಲೇ ಕೀಳುವುದೋ, ಇನ್ನೊಂದು ಮಳೆ ನೋಡುವುದೋ?