ಹಳೆಯ ಮೋಟಾರಿನ ವಿದ್ಯುದ್ದೋಷಗಳು

ಹಾಸನದಿಂದ ಹೊಳೆನರಸೀಪುರಕ್ಕೋ ಅರಕಲಗೂಡಿಗೋ ಚನ್ನರಾಯಪಟ್ಟಣಕ್ಕೋ ಹೋಗುವ ದಾರಿಯಲ್ಲಿ ಬಾನೆಟ್ಟನ್ನು ಮೇಲೆತ್ತಿಕೊಂಡು ನಿಂತ ಹಳೆಯ ಕಾರೊಂದನ್ನೂ, ಅದರ ಸುತ್ತ ಕೈಕಟ್ಟಿ ನಿಂತ ಮನೆಮಂದಿಯನ್ನೂ ಕಾಣದವರು ವಿರಳ. ಇಂತಹ ಕಾರಿನ ಎಂಜಿನ್ನು ಕೆಟ್ಟಿರುವುದಕ್ಕಿಂತ ಅದರ ವಿದ್ಯುತ್ತಿನ ದಾರಿ ಕೆಟ್ಟಿರುವುದೇ ಹೆಚ್ಚು. ಎಂಜಿನ್ನಿನ ರೋಗವಾದರೆ ಸದ್ದು, ಹೊಗೆ, ಎಣ್ಣೆಯ ಜಿನುಗುಗಳಿಂದ ತನ್ನ ಇರವನ್ನು ತಿಳಿಸುತ್ತದೆ. ವಿದ್ಯುತ್ತಿನ ರೋಗಕ್ಕೆ ಅಂತಹ ಹೊರಗುರುತುಗಳು ಬಹಳ ಕಡಮೆ. ಆದುದರಿಂದಲೇ ಅದರ ವಿಷಯದಲ್ಲಿ ಊಹೆಗೆ ಅವಕಾಶ ಹೆಚ್ಚು, ಊಹೆಗೆ ತಕ್ಕ ಖರ್ಚೂ ಹೆಚ್ಚು.

ನಾವು ಕೊಂಡದ್ದು ಮೂರು ಕೈ ಬದಲಾಗಿ ಬಂದ ಒಂದು ಮಾರುತಿ 800. ಈ ಜಾತಿಯ ಕಾರು 1983ರ ಡಿಸೆಂಬರಿನಲ್ಲಿ ಮೊದಲು ಬೀದಿಗೆ ಬಂದು, 2014ರಲ್ಲಿ ಅದರ ತಯಾರಿಕೆ ನಿಂತಿತು. ಒಂದು ಮಳೆಗಾಲ, ಅರಕಲಗೂಡಿನಲ್ಲಿ, ನಮ್ಮ ಮಾವನವರನ್ನು ಬೆಳಗಾಗುವುದಕ್ಕೆ ಮುಂಚೆಯೇ ಹಾಸನದ ಆಸ್ಪತ್ರೆಗೆ ಕರೆದೊಯ್ಯಬೇಕಾಗಿದ್ದಿತು. ಅವರು ಶಾಲು ಹೊದ್ದು ಹಿಂದಿನ ಸೀಟಿನಲ್ಲಿ ಕುಳಿತಾಯಿತು. ಕೀಲಿ ತಿರುವಿದರೆ ಟಿಕ್ಕೆಂಬ ಒಂದು ಸದ್ದು, ಅಷ್ಟೆ. ದೀಪಗಳು ಮಾತ್ರ ಹಬ್ಬದಂತೆ ಉರಿಯುತ್ತಿದ್ದುವು. ಅದೇ ವರ್ಷ ಒಬ್ಬ ರಿಪೇರಿಯವರ ಮಾತಿನಂತೆ ನಾವು ಎರಡು ಸಲ ಬ್ಯಾಟರಿ ಬದಲಾಯಿಸಿದ್ದೆವು. ನೆರೆಮನೆಯವರ ಕಾರಿನ ಬ್ಯಾಟರಿಯಿಂದ ನಮ್ಮ ಬ್ಯಾಟರಿಗೆ ತಂತಿ ಕೊಟ್ಟು ನೋಡಿದರೂ ಅದೇ ಟಿಕ್ಕು. ಮಾವನವರು ಏನೂ ಹೇಳದೆ ಇಳಿದು, ಕೋಲೂರಿಕೊಂಡು ಬಸ್ ನಿಲ್ದಾಣದ ಕಡೆ ನಡೆದರು.

ಆ ದಿನ ಮಧ್ಯಾಹ್ನ ಬಂದ ಮುದುಕ ಎಲೆಕ್ಟ್ರಿಷಿಯನ್ನರು ಬ್ಯಾಟರಿಯನ್ನು ಮುಟ್ಟಲೇ ಇಲ್ಲ. ನಮ್ಮಿಂದ ಎರಡು ಸಲ ಸೆಲ್ಫ್ ಹೊಡೆಸಿ, ಕ್ಲಚ್ಚಿನ ಕೇಬಲ್ಲಿನ ಮೇಲೆ ಕೈಯಿಟ್ಟು, “ಇದು ಬಿಸಿಯಾಗಿದೆ, ನೋಡಿ ಮೇಷ್ಟ್ರೇ” ಎಂದರು. ನಮಗೆ ಅರ್ಥವಾಗಲಿಲ್ಲ. “ಯಜಮಾನರೇ, ಬ್ಯಾಟರಿ ಹೊಸದಲ್ಲವೆ?” ಎಂದೆವು. “ಬ್ಯಾಟರಿ ಏನ್ ಮಾಡ್ತದೆ? ಹೋದ ಕರೆಂಟು ವಾಪಸ್ ಬರಬೇಕಲ್ವೆ?” ಎಂದರು.

ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಇದು ಹೊಳೆಯಬೇಕಾಗಿದ್ದ ಮಾತು. ವಿದ್ಯುತ್ತು ಹೋಗುವುದಕ್ಕೆ ಒಂದು ದಾರಿ, ಹಿಂತಿರುಗುವುದಕ್ಕೆ ಇನ್ನೊಂದು ದಾರಿ, ಎರಡೂ ಬೇಕು. ಮೋಟಾರಿನಲ್ಲಿ ತಂತಿಯ ಉಳಿತಾಯಕ್ಕಾಗಿ ಹಿಂದಿರುಗುವ ದಾರಿಯನ್ನು ಗಾಡಿಯ ಉಕ್ಕಿನ ಮೈಗೇ ವಹಿಸಿರುತ್ತಾರೆ. ಇದನ್ನೇ ಅರ್ಥಿಂಗ್ ಎನ್ನುವುದು. ಎಂಜಿನ್ನಾದರೋ ರಬ್ಬರಿನ ಮೆತ್ತೆಗಳ ಮೇಲೆ ಕುಳಿತಿರುವುದರಿಂದ, ಅದಕ್ಕೂ ಮೈಗೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದಿರಬೇಕು. ನಮ್ಮ ಕಾರಿನಲ್ಲಿ ಆ ಪಟ್ಟಿ ತುಕ್ಕು ಹಿಡಿದು ಎಳೆಯಷ್ಟೇ ಉಳಿದಿದ್ದಿತು. ಸೆಲ್ಫ್ ಮೋಟಾರಿಗೆ ಹೋದ ವಿದ್ಯುತ್ತು ಬೇರೆ ದಾರಿಯಿಲ್ಲದೆ ಕ್ಲಚ್ಚಿನ ಉಕ್ಕಿನ ಕೇಬಲ್ಲನ್ನು ಹಿಡಿದು ಹಿಂತಿರುಗುತ್ತಿದ್ದಿತು. ಅದರಿಂದಲೇ ಆ ಬಿಸಿ. ದೀಪಗಳ ಹಿಂದಾರಿ ನೇರವಾಗಿ ಮೈಗೆ ಸೇರಿದ್ದರಿಂದ ಅವುಗಳಿಗೆ ಯಾವ ತೊಂದರೆಯೂ ಇರಲಿಲ್ಲ. ಯಜಮಾನರು ದಪ್ಪ ತಂತಿಯೊಂದರ ಒಂದು ತುದಿಯನ್ನು ಎಂಜಿನ್ನಿನ ಬರಿಯ ಲೋಹಕ್ಕೂ, ಇನ್ನೊಂದನ್ನು ಬ್ಯಾಟರಿಯ ಋಣ ಕಂಬಕ್ಕೂ ಕಚ್ಚಿಸಿದೊಡನೆ ಎಂಜಿನ್ನು ಹತ್ತಿಕೊಂಡಿತು.

ಒಂದು ಸಣ್ಣ ಲೆಕ್ಕ ಮಾಡಿದರೆ ಇದರ ಮರ್ಮ ತಿಳಿಯುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 90 ಮೈಲಿ ವಿದ್ಯುತ್ತನ್ನು ಒಯ್ದಾಗ, ಹಲವು ಸಾವಿರ ವೋಲ್ಟುಗಳ ಒತ್ತಡವನ್ನು ಕೊಟ್ಟೇ ಕಳುಹಿಸಬೇಕಾಯಿತು; ಒತ್ತಡ ಹೆಚ್ಚಿದಷ್ಟೂ ಪ್ರವಾಹ ಕಡಮೆ, ದಾರಿಯ ನಷ್ಟವೂ ಕಡಮೆ. ಮೋಟಾರಿನಲ್ಲಿ ಇರುವುದು ಹನ್ನೆರಡೇ ವೋಲ್ಟು. ಎಂಜಿನ್ನನ್ನು ತಿರುಗಿಸಲು ಸೆಲ್ಫ್ ಮೋಟಾರು 100 ಆಂಪಿಯರು ಎಳೆಯುತ್ತದೆಂದು ಹಿಡಿಯೋಣ. ದಾರಿಯಲ್ಲಿ ಕಿಲುಬು ಹಿಡಿದ ಒಂದು ಕೂಡುಗಂಟು ಒಂದು ಓಮಿನ ಐವತ್ತರಲ್ಲೊಂದು ಪಾಲು ತಡೆಯೊಡ್ಡಿದರೂ ಎರಡು ವೋಲ್ಟು ಅಲ್ಲಿಯೇ ಮುಗಿಯಿತು. ಮುಂದಿನ ಎರಡು ದೀಪಗಳು ಸೇರಿ ಎಳೆಯುವುದು ಹತ್ತು ಆಂಪಿಯರು. ಅದೇ ಗಂಟಿನಲ್ಲಿ ಅವು ಕಳೆದುಕೊಳ್ಳುವುದು ವೋಲ್ಟಿನ ಐದರಲ್ಲೊಂದು ಭಾಗ, ಕಣ್ಣಿಗೆ ಗೊತ್ತೇ ಆಗದು. ಆದುದರಿಂದ ದೀಪ ಚೆನ್ನಾಗಿ ಉರಿಯುತ್ತದೆಂದು ವಯರಿಂಗು ಚೆನ್ನಾಗಿದೆಯೆಂದು ಹೇಳುವಂತಿಲ್ಲ.

ನಾಲ್ಕಾರು ನೂರು ರೂಪಾಯಿಗೆ ದೊರೆಯುವ ಮಲ್ಟಿಮೀಟರನ್ನು ಹಳೆಯ ಕಾರಿನ ಯಜಮಾನರೆಲ್ಲರೂ ಇಟ್ಟುಕೊಳ್ಳುವುದು ಮೇಲು. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ 12.6 ವೋಲ್ಟು ತೋರಿದರೆ ತುಂಬಿದೆ, 12.2 ಆದರೆ ಅರ್ಧ. 12ಕ್ಕೆ ಕೆಳಗಾದರೆ ಬರಿದಾದಂತೆಯೇ. ಗೇರು ಬಿಡಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ಕಂಬಕ್ಕೂ (ಹಿಡಿಕೆಗಲ್ಲ, ಸೀಸದ ಕಂಬಕ್ಕೇ), ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ತಾಗಿಸಿ, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಬೇಕು. ಅರ್ಧ ವೋಲ್ಟೋ ಅದಕ್ಕಿಂತ ಹೆಚ್ಚೋ ಕಂಡರೆ ಹಿಂದಿರುಗುವ ದಾರಿ ಕೆಟ್ಟಿದೆ. ಈ ಒಂದು ಪರೀಕ್ಷೆಯನ್ನು ಮಾಡಿದ್ದರೆ ನಮಗೆ ಎರಡು ಬ್ಯಾಟರಿಗಳ ಹಣ ಉಳಿಯುತ್ತಿದ್ದಿತು. ಕಂಬಗಳ ಮೇಲೆ ಕಟ್ಟುವ ಬಿಳಿ-ಹಸಿರು ಕಿಲುಬನ್ನು ಅಡಿಗೆ ಸೋಡಾ ಕದಡಿದ ಬಿಸಿನೀರಿನಿಂದ ತೊಳೆದು, ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ ಬಿಗಿದು, ಮೇಲೆ ವ್ಯಾಸಲೀನು ಸವರಿದರೆ ಸಾಕು. ಸೋಡಾನೀರು ಬ್ಯಾಟರಿಯ ಒಳಕ್ಕೆ ಮಾತ್ರ ಇಳಿಯಬಾರದು.

ಎಂಜಿನ್ನು ಓಡುತ್ತಿರುವಾಗ ಕಂಬಗಳ ನಡುವೆ 13.8ರಿಂದ 14.5 ವೋಲ್ಟು ಇರಬೇಕು. ಇಲ್ಲವಾದರೆ ಆಲ್ಟರ್ನೇಟರು, ಅಂದರೆ ನಮ್ಮ ಕಡೆ ಈಗಲೂ ಡೈನಮೊ ಎಂದು ಕರೆಯುವ ಯಂತ್ರ, ಅಥವಾ ಅದರ ಬೆಲ್ಟು ಸೋತಿದೆ. ಇಲ್ಲಿ ಒಂದು ಎಚ್ಚರಿಕೆ. ಅಂಬಾಸಿಡರಿನ ಕಾಲದ ಚಾಲಕರು ಎಂಜಿನ್ನು ಓಡುತ್ತಿರುವಾಗಲೇ ಬ್ಯಾಟರಿಯ ತಂತಿಯನ್ನು ಕಿತ್ತು ನೋಡುವ ರೂಢಿಯುಂಟು. ಡೈನಮೊ ಇದ್ದ ಗಾಡಿಯಲ್ಲಿ ಅದು ಹೇಗೋ ನಡೆಯಿತು. ಆಲ್ಟರ್ನೇಟರಿನ ಗಾಡಿಯಲ್ಲಿ ಒತ್ತಡ ಒಮ್ಮೆಲೇ ಚಿಮ್ಮಿ ಒಳಗಿನ ಡಯೋಡುಗಳನ್ನೂ ಎಲೆಕ್ಟ್ರಾನಿಕ್ ಭಾಗಗಳನ್ನೂ ಸುಡಬಹುದು.

ಮೂರು ದಿನ ನಿಂತರೆ ಬ್ಯಾಟರಿ ಬರಿದಾಗುವ ಕಾರುಗಳದು ಇನ್ನೊಂದು ಕಥೆ. ಎಲ್ಲವನ್ನೂ ಆರಿಸಿ, ಬಾಗಿಲು ಮುಚ್ಚಿ, ಋಣ ತಂತಿಯನ್ನು ಬಿಚ್ಚಿ ಅದರ ನಡುವೆ ಆಂಪಿಯರು ಅಳತೆಗಿಟ್ಟ ಮೀಟರನ್ನು ಸೇರಿಸಬೇಕು. ಹೀಗಿರುವಾಗ ಸೆಲ್ಫ್ ಹೊಡೆದರೆ ಮೀಟರು ಹೋಯಿತು. ಆಂಪಿಯರಿನ ಇಪ್ಪತ್ತರಲ್ಲೊಂದು ಪಾಲು ಇದ್ದರೆ ಚಿಂತೆಯಿಲ್ಲ. ಅರ್ಧ ಆಂಪಿಯರು ಸೋರುತ್ತಿದ್ದರೆ 35 ಆಂಪಿಯರು-ಗಂಟೆಯ ಬ್ಯಾಟರಿ 70 ಗಂಟೆಯಲ್ಲಿ ಖಾಲಿ. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು, ಯಾವುದನ್ನು ಕಿತ್ತಾಗ ಮೀಟರಿನ ಅಂಕಿ ಇಳಿಯಿತೋ ಆ ದಾರಿಯಲ್ಲಿ ಹುಡುಕಬೇಕು. ಹಿಂದಿನ ಯಜಮಾನರು ಸೇರಿಸಿಕೊಂಡ ಹಾಡಿನ ಪೆಟ್ಟಿಗೆಯೋ, ಆರದೆ ಉಳಿದ ಡಿಕ್ಕಿಯ ದೀಪವೋ ಸಾಮಾನ್ಯವಾಗಿ ಸಿಕ್ಕುತ್ತದೆ. ಗದ್ದೆಯ ಬದಿಯಲ್ಲಿ ಕಾರು ನಿಲ್ಲಿಸುವವರು ಇಲಿ ಕಡಿದ ತಂತಿಯನ್ನೂ ನೋಡಿಕೊಳ್ಳಬೇಕು.

ಬಳಸಿದ ಕಾರನ್ನು ಕೊಳ್ಳುವ ಮುನ್ನ ನಾವು ಈಗ ಮೊದಲು ತೆರೆದು ನೋಡುವುದು ಫ್ಯೂಸಿನ ಪೆಟ್ಟಿಗೆಯನ್ನು. ಫ್ಯೂಸು ಪದೇ ಪದೇ ಹೋಗುತ್ತದೆಂದು ಅದರ ಸ್ಥಾನದಲ್ಲಿ ತಾಮ್ರದ ತಂತಿ ಸುತ್ತಿರುವುದನ್ನು ಹಲವು ಕಾರುಗಳಲ್ಲಿ ಕಂಡಿದ್ದೇವೆ. ಕರಗಬೇಕಾದ ಫ್ಯೂಸು ಕರಗದಿದ್ದರೆ, ಅದರ ಮುಂದಿನ ತಂತಿಯ ಹೊದಿಕೆ ಕರಗಲು ತೊಡಗುತ್ತದೆ. ಬಾನೆಟ್ಟಿನ ಕೆಳಗೆ ಪೆಟ್ರೋಲಿನ ಕೊಳವೆ ಅದಕ್ಕೆ ಅಂಗೈಯಷ್ಟು ದೂರದಲ್ಲಿರುತ್ತದೆ. ಚನ್ನರಾಯಪಟ್ಟಣದಲ್ಲಿ ಬೆಲೆಯೂ ಒಪ್ಪಿಗೆಯಾಗಿದ್ದ ಒಂದು ಕಾರಿನಲ್ಲಿ ಅಂತಹ ಮೂರು ತಂತಿಗಳನ್ನು ಕಂಡು, ಕೊಟ್ಟಿದ್ದ ಮುಂಗಡವನ್ನೂ ಬಿಟ್ಟು ಬಸ್ಸು ಹತ್ತಿದೆವು.