ಎಡೆದೊರೆ ನಾಡಿನಲ್ಲಿ ಸೈಕಲ್ಲು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಭೂಭಾಗವನ್ನು ಪ್ರಾಚೀನರು ಎಡೆದೊರೆ ನಾಡು ಎಂದು ಕರೆದರು. ಎರಡು ತೊರೆಗಳ ಎಡೆಯಲ್ಲಿರುವ ನಾಡು ಎಂಬುದೇ ಆ ಹೆಸರಿನ ಅರ್ಥ. ಇಂದಿನ ರಾಯಚೂರು ಜಿಲ್ಲೆಯ ಬಹುಭಾಗ ಈ ನಾಡಿಗೆ ಸೇರಿದೆ. ಸಿಂಧನೂರು, ಮಸ್ಕಿ ಮತ್ತು ಲಿಂಗಸುಗೂರು ಇಲ್ಲಿಯ ಮೂರು ಮುಖ್ಯ ಊರುಗಳು. ಮೂರನ್ನೂ ಒಂದೇ ಹೆದ್ದಾರಿ ದಾರದಂತೆ ಪೋಣಿಸಿದೆ. ಸಿಂಧನೂರಿನಿಂದ ಮಸ್ಕಿಗೆ ಸುಮಾರು 30 ಕಿಲೋಮೀಟರು. ಮಸ್ಕಿಯಿಂದ ಲಿಂಗಸುಗೂರಿಗೂ ಹೆಚ್ಚುಕಡಿಮೆ ಅಷ್ಟೇ ದೂರ.

ಈ ನಾಡು ಬಹುಕಾಲ ಗಡಿನಾಡಾಗಿತ್ತು. ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಇದರ ಒಡೆತನಕ್ಕಾಗಿ ಮತ್ತೆ ಮತ್ತೆ ಹೋರಾಡಿದರು. 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಸುಲ್ತಾನನನ್ನು ಸೋಲಿಸಿ ರಾಯಚೂರು ಕೋಟೆಯನ್ನು ವಶಪಡಿಸಿಕೊಂಡನು. ಲಿಂಗಸುಗೂರಿಗೆ ಸಮೀಪವಿರುವ ಮುದಗಲ್ಲಿನ ಕೋಟೆ ಆ ಕಾಲದ ಕದನಗಳಿಗೆ ಇಂದಿಗೂ ಸಾಕ್ಷಿಯಾಗಿ ನಿಂತಿದೆ. ಮುಂದೆ ಈ ಪ್ರದೇಶ ನಿಜಾಮನ ಹೈದರಾಬಾದು ಸಂಸ್ಥಾನಕ್ಕೆ ಸೇರಿದಾಗ ತುಂಗಭದ್ರೆಯೇ ಗಡಿಯಾಯಿತು. ಆಚೆಯ ದಡದ ಬಳ್ಳಾರಿ ಸೀಮೆ ಮದರಾಸು ಆಧಿಪತ್ಯದಲ್ಲಿತ್ತು. ಎರಡೂ ದಡಗಳಲ್ಲಿ ಕನ್ನಡವನ್ನೇ ಆಡುತ್ತಿದ್ದ ಜನ ಬೇರೆ ಬೇರೆ ಆಡಳಿತಗಳಿಗೆ ತೆರಿಗೆ ಸಲ್ಲಿಸುತ್ತಿದ್ದರು. 1953ರಲ್ಲಿ ಬಳ್ಳಾರಿಯೂ 1956ರ ನವೆಂಬರ್ 1ರಂದು ರಾಯಚೂರೂ ಮೈಸೂರು ರಾಜ್ಯವನ್ನು ಸೇರಿದವು. ಅಂದಿನಿಂದ ಆ ಗಡಿ ಭೂಪಟದಿಂದ ಅಳಿಸಿಹೋಯಿತು.

ಆದರೆ ಗಡಿಗಳು ಭೂಪಟದ ಮೇಲೆ ಮಾತ್ರ ಇರುವುದಿಲ್ಲ. ನೀರು ಬರುವ ಹೊಲಕ್ಕೂ ಬಾರದ ಹೊಲಕ್ಕೂ ನಡುವೆ ಒಂದು ಗಡಿ ಇರುತ್ತದೆ. ಪ್ರೌಢಶಾಲೆಯಿರುವ ಊರಿಗೂ ಇಲ್ಲದ ಊರಿಗೂ ನಡುವೆ ಇನ್ನೊಂದು ಗಡಿ ಇರುತ್ತದೆ. ಈ ಗಡಿಗಳನ್ನು ದಿನವೂ ದಾಟಬೇಕಾದವರು ಸಾಮಾನ್ಯ ಜನ. ಅವರಿಗೆ ಬಹುಕಾಲ ನೆರವಾದ ವಾಹನ ಸೈಕಲ್ಲು.

ಸೈಕಲ್ಲಿನ ರಚನೆ ಸರಳವಾದದ್ದು. ಆದರೆ ಅದರ ಹಿಂದಿರುವ ಯುಕ್ತಿ ಸಾಮಾನ್ಯವಾದದ್ದಲ್ಲ. ನಡೆಯುವ ಮನುಷ್ಯ ಗಂಟೆಗೆ ನಾಲ್ಕೈದು ಕಿಲೋಮೀಟರು ಸಾಗುತ್ತಾನೆ. ಹೆಚ್ಚುಕಡಿಮೆ ಅಷ್ಟೇ ಶ್ರಮದಿಂದ ಸೈಕಲ್ ಸವಾರ ಸಮತಟ್ಟಾದ ದಾರಿಯಲ್ಲಿ ಹದಿನೈದು ಕಿಲೋಮೀಟರು ಹೋಗಬಲ್ಲನು. ಪೆಡಲಿಗೆ ಜೋಡಿಸಿದ ಹಲ್ಲುಚಕ್ರದಲ್ಲಿ 44 ಹಲ್ಲುಗಳೂ ಹಿಂದಿನ ಗಾಲಿಯ ಹಲ್ಲುಚಕ್ರದಲ್ಲಿ 18 ಹಲ್ಲುಗಳೂ ಇವೆ ಎಂದು ಭಾವಿಸೋಣ. ಪೆಡಲು ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ದೊಡ್ಡ ಸೈಕಲ್ಲಿನ ಗಾಲಿಯ ಸುತ್ತಳತೆ ಸುಮಾರು 2.2 ಮೀಟರು. ಹೀಗಾಗಿ ಒಂದು ತುಳಿತಕ್ಕೆ ಸವಾರ ಐದು ಮೀಟರಿಗಿಂತ ಹೆಚ್ಚು ದೂರ ಮುಂದೆ ಸರಿಯುತ್ತಾನೆ. ದೇಹದ ಭಾರವನ್ನು ಗಾಲಿಗಳು ಹೊರುವುದರಿಂದ ಕಾಲಿನ ಶಕ್ತಿಯೆಲ್ಲ ಚಲನೆಗೆ ಒದಗುತ್ತದೆ. 1888ರಲ್ಲಿ ಡನ್‌ಲಪ್ ಎಂಬುವನು ಗಾಳಿ ತುಂಬಿದ ಟಯರಿಗೆ ಹಕ್ಕುಪತ್ರ ಪಡೆದ ಮೇಲೆ ಒರಟು ದಾರಿಯ ಕುಲುಕಾಟವೂ ಕಡಿಮೆಯಾಯಿತು. ಎಣ್ಣೆ ಬೇಡ, ಮೇವು ಬೇಡ. ಸವಾರ ಉಂಡ ಜೋಳದ ರೊಟ್ಟಿಯೇ ಅದಕ್ಕೆ ಇಂಧನ.

ಸಿಂಧನೂರಿನ ಇಂದಿನ ಬದುಕನ್ನು ರೂಪಿಸಿದ್ದು ತುಂಗಭದ್ರಾ ಅಣೆಕಟ್ಟು. 1953ರಿಂದ ಅಲ್ಲಿಯ ನೀರು ಕಾಲುವೆಗಳಿಗೆ ಹರಿಯತೊಡಗಿತು. ಮುನಿರಾಬಾದಿನಿಂದ ಹೊರಡುವ ಎಡದಂಡೆ ಕಾಲುವೆ 227 ಕಿಲೋಮೀಟರು ಉದ್ದವಾಗಿದೆ. ಮಳೆಯನ್ನೇ ನಂಬಿ ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಭೂಮಿ ಭತ್ತದ ಗದ್ದೆಯಾಯಿತು. ನೆರೆಯ ಆಂಧ್ರದಿಂದ ಬಂದ ರೈತರು ಜಮೀನು ಕೊಂಡು ಕ್ಯಾಂಪುಗಳೆಂಬ ಹೊಸ ಊರುಗಳನ್ನು ಕಟ್ಟಿಕೊಂಡರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿಗೂ ಸರ್ಕಾರ ಈ ತಾಲ್ಲೂಕಿನಲ್ಲಿ ಪುನರ್ವಸತಿ ಕ್ಯಾಂಪುಗಳನ್ನು ಏರ್ಪಡಿಸಿತು. ಹೀಗೆ ಸಿಂಧನೂರಿನ ಸಂತೆಯಲ್ಲಿ ಕನ್ನಡದೊಡನೆ ತೆಲುಗು, ಉರ್ದು, ಲಂಬಾಣಿ, ಬಂಗಾಳಿ ಮಾತುಗಳೂ ಕಿವಿಗೆ ಬೀಳುತ್ತವೆ. ಬೆಳಗಾಗುತ್ತಲೇ ಹಾಲಿನ ಕ್ಯಾನುಗಳನ್ನು ಎರಡೂ ಬದಿಗೆ ತೂಗುಹಾಕಿದ ಸೈಕಲ್ಲುಗಳು ಕ್ಯಾಂಪುಗಳಿಂದ ಪೇಟೆಗೆ ಬರುತ್ತಿದ್ದ ಕಾಲವೊಂದಿತ್ತು. ತರಕಾರಿ, ಬಟ್ಟೆ, ಪಾತ್ರೆ, ಐಸ್‌ಕ್ಯಾಂಡಿ ಎಲ್ಲವೂ ಸೈಕಲ್ಲನ್ನೇರಿ ಹಳ್ಳಿಗಳಿಗೆ ಹೋಗುತ್ತಿದ್ದವು. ಸ್ವಂತ ಸೈಕಲ್ಲು ಇಲ್ಲದವರು ಗಂಟೆಗಿಷ್ಟು ಎಂದು ಬಾಡಿಗೆಗೆ ಪಡೆಯುತ್ತಿದ್ದರು. ಈಗ ಈ ಕೆಲಸಗಳನ್ನು ಬಹುಮಟ್ಟಿಗೆ ಮೋಟಾರು ಸೈಕಲ್ಲುಗಳೂ ಸಣ್ಣ ಗಾಡಿಗಳೂ ವಹಿಸಿಕೊಂಡಿವೆ. ಆದರೂ ಹೊಲಕ್ಕೆ ಹೋಗುವ ಕೂಲಿಕಾರನ ಕ್ಯಾರಿಯರಿನಲ್ಲಿ ರೊಟ್ಟಿಯ ಗಂಟು, ಹ್ಯಾಂಡಲಿನಲ್ಲಿ ಕುಡುಗೋಲು ಇರುವ ಸೈಕಲ್ಲು ಕಣ್ಣಿಗೆ ಬೀಳದೆ ಇರುವುದಿಲ್ಲ.

ಸಿಂಧನೂರಿನಿಂದ ಮಸ್ಕಿಯ ಕಡೆಗೆ ಸೈಕಲ್ಲಿನಲ್ಲಿ ಹೊರಟವರಿಗೆ ಬಸ್ಸಿನ ಪ್ರಯಾಣಿಕರು ಗಮನಿಸದ ಒಂದು ಸಂಗತಿ ತಿಳಿದುಬರುತ್ತದೆ. ಮೊದಲು ದಾರಿಯ ಇಕ್ಕೆಲಗಳಲ್ಲಿ ಹಸಿರು ಗದ್ದೆಗಳು, ಗಾಳಿಯಲ್ಲಿ ತಂಪು. ಕೆಲವು ಮೈಲಿ ಕಳೆಯುವಷ್ಟರಲ್ಲಿ ಗದ್ದೆಗಳು ಹಿಂದೆ ಸರಿದು ಹತ್ತಿ, ತೊಗರಿ, ಸಜ್ಜೆ, ಜೋಳದ ಹೊಲಗಳು ಎದುರಾಗುತ್ತವೆ. ಕಾಲುವೆಯ ನೀರು ಇಳಿಜಾರಿನಲ್ಲಿ ಮಾತ್ರ ತಾನಾಗಿ ಹರಿಯಬಲ್ಲದು. ಕಾಲುವೆಯ ಮಟ್ಟಕ್ಕಿಂತ ಎತ್ತರದಲ್ಲಿರುವ ಭೂಮಿಗೆ ಅದು ಏರಲಾರದು. ಈ ನಾಡಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು ಮಾತ್ರ. ಮಳೆ ತಪ್ಪಿದ ವರ್ಷ ಒಣಭೂಮಿಯ ಹಳ್ಳಿಗಳಿಂದ ಅನೇಕ ಕುಟುಂಬಗಳು ಬೆಂಗಳೂರು ಮುಂತಾದ ಕಡೆಗೆ ಗುಳೆ ಹೋಗುತ್ತವೆ. ಅವರ ಮಕ್ಕಳ ಓದು ಆಗ ನಡುವೆಯೇ ನಿಂತುಹೋಗುತ್ತದೆ. ನೀರು ಬಂದ ಕಡೆಯೂ ಕಷ್ಟ ತಪ್ಪಿದ್ದಲ್ಲ. ಮಿತಿಮೀರಿ ನೀರು ನಿಲ್ಲಿಸಿದ ಎರೆಭೂಮಿ ಜವುಳು ಹಿಡಿದು ಸವಳಾಗುತ್ತದೆ. ಕಾಲುವೆಯ ಮೇಲ್ಭಾಗದವರು ಹೆಚ್ಚು ಬಳಸಿದರೆ ಕೊನೆಯ ಭಾಗದ ರೈತರಿಗೆ ನೀರು ತಲುಪುವುದಿಲ್ಲ. ನೀರಿನ ಹಂಚಿಕೆ ಇಲ್ಲಿ ಪುಸ್ತಕದ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆ.

ಈ ದಾರಿಯ ಸವಾರನಿಗೆ ಎರಡು ಶತ್ರುಗಳು. ಮೊದಲನೆಯದು ಬಿಸಿಲು. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುತ್ತದೆ. ಆದ್ದರಿಂದ ತಿಳಿದವರು ಮುಂಜಾನೆಯೇ ಹೊರಟು ಬಿಸಿಲೇರುವ ಮೊದಲು ಊರು ಸೇರುತ್ತಾರೆ. ಎರಡನೆಯದು ಬಳ್ಳಾರಿ ಜಾಲಿಯ ಮುಳ್ಳು. ಅದು ಟಯರನ್ನು ಸೀಳಿ ಟ್ಯೂಬನ್ನು ಚುಚ್ಚುತ್ತದೆ. ಆಗ ದಾರಿಬದಿಯ ಪಂಕ್ಚರ್ ಅಂಗಡಿಯೇ ಗತಿ. ಅಂಗಡಿಯವನು ಟ್ಯೂಬಿಗೆ ಗಾಳಿ ತುಂಬಿ, ನೀರಿನ ಬುಟ್ಟಿಯಲ್ಲಿ ಅದ್ದುತ್ತಾನೆ. ಗುಳ್ಳೆ ಎದ್ದಲ್ಲಿ ತೂತು ಇದೆ ಎಂದು ಅರ್ಥ. ಅಲ್ಲಿ ಉಜ್ಜಿ, ಅಂಟು ಸವರಿ, ಹಳೆಯ ಟ್ಯೂಬಿನ ತುಂಡನ್ನು ಒತ್ತಿದರೆ ಸೈಕಲ್ಲು ಮತ್ತೆ ಸಿದ್ಧ. ಟಯರಿನೊಳಗೆ ಕೈಯಾಡಿಸಿ ಮುರಿದ ಮುಳ್ಳನ್ನು ತೆಗೆಯದಿದ್ದರೆ ಮಾಡಿದ ಕೆಲಸವೆಲ್ಲ ವ್ಯರ್ಥ ಎಂಬುದನ್ನು ಅವನು ಅನುಭವದಿಂದ ಬಲ್ಲನು.

ಮಸ್ಕಿ ಚಿಕ್ಕ ಊರಾದರೂ ಅದರ ಕೀರ್ತಿ ದೊಡ್ಡದು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ವಿದ್ವಾಂಸನು ಬ್ರಾಹ್ಮೀ ಲಿಪಿಯನ್ನು ಓದುವ ಬಗೆಯನ್ನು ಕಂಡುಹಿಡಿದನು. ಆಗ ದೇಶದ ಹಲವೆಡೆ ದೊರೆತ ಶಾಸನಗಳು 'ದೇವಾನಾಂಪ್ರಿಯ ಪ್ರಿಯದರ್ಶಿ' ಎಂಬ ಅರಸನ ಆಜ್ಞೆಗಳೆಂದು ತಿಳಿಯಿತು. ಈ ಅರಸನು ಯಾರು? ಅಶೋಕನೇ ಎಂದು ವಿದ್ವಾಂಸರು ಊಹಿಸಿದರೂ ಶಿಲೆಯ ಮೇಲೆ ಆ ಹೆಸರು ಸಿಕ್ಕಿರಲಿಲ್ಲ. 1915ರಲ್ಲಿ ಚಿನ್ನದ ಗಣಿಗಾರಿಕೆಯ ಇಂಜಿನಿಯರನಾಗಿದ್ದ ಬೀಡನ್ ಎಂಬುವನು ಮಸ್ಕಿಯ ಬೆಟ್ಟದ ಬಂಡೆಯಲ್ಲಿ ಒಂದು ಶಾಸನವನ್ನು ಕಂಡನು. ಅದರಲ್ಲಿ 'ಅಶೋಕ' ಎಂಬ ಹೆಸರು ಸ್ಪಷ್ಟವಾಗಿ ಕೆತ್ತಲ್ಪಟ್ಟಿತ್ತು. ಇತಿಹಾಸದ ದೊಡ್ಡದೊಂದು ಸಂದೇಹ ಹೀಗೆ ಪರಿಹಾರವಾಯಿತು. ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಿಸಿದರೆ ಸಣ್ಣವರಿಗೂ ದೊರೆಯುತ್ತದೆ ಎಂಬುದು ಆ ಶಾಸನದ ಆಶಯ. 1954ರಲ್ಲಿ ಇಲ್ಲಿ ನಡೆದ ಉತ್ಖನನದಿಂದ ಅಶೋಕನಿಗಿಂತಲೂ ಬಹಳ ಹಿಂದೆಯೇ ಇಲ್ಲಿ ಜನವಸತಿ ಇತ್ತೆಂಬುದು ಖಚಿತವಾಯಿತು. ಹಿಂದೆ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿದೆ.

ಲಿಂಗಸುಗೂರಿಗೂ ಹಳೆಯ ವೈಭವವಿದೆ. ನಿಜಾಮರ ಕಾಲದಲ್ಲಿ ಅದು ಸೈನ್ಯದ ಛಾವಣಿಯಾಗಿತ್ತು. 1905ರವರೆಗೆ ಜಿಲ್ಲಾ ಕೇಂದ್ರವೂ ಆಗಿತ್ತು. ಇದೇ ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ಆಧುನಿಕ ಯಂತ್ರಗಳು ಬರುವುದಕ್ಕೆ ಶತಮಾನಗಳ ಮೊದಲೇ ಇಲ್ಲಿಯ ಜನ ಬಂಡೆಯನ್ನು ಕೊರೆದು ಆಳಕ್ಕೆ ಇಳಿದಿದ್ದರು. ಅವರ ಪ್ರಾಚೀನ ಗಣಿಗುಂಡಿಗಳು ಇಂದಿನವರಿಗೆ ಅಚ್ಚರಿ ತಂದಿವೆ. 1947ರಲ್ಲಿ ಇಲ್ಲಿ ಹೊಸ ಕಂಪನಿ ಸ್ಥಾಪನೆಯಾಯಿತು. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದ ಮೇಲೆ ಹಟ್ಟಿಯೇ ದೇಶದ ಮುಖ್ಯ ಚಿನ್ನದ ಗಣಿಯಾಗಿ ಉಳಿದಿದೆ.

ಚಿನ್ನ ತೆಗೆಯುವ ನಾಡಿನಲ್ಲಿಯೂ ಶಾಲೆಗೆ ಮೈಲಿಗಟ್ಟಲೆ ನಡೆಯಬೇಕಾದ ಮಕ್ಕಳಿದ್ದರು. ಪ್ರಾಥಮಿಕ ಶಾಲೆ ಪ್ರತಿ ಹಳ್ಳಿಯಲ್ಲಿದ್ದರೂ ಪ್ರೌಢಶಾಲೆ ದೊಡ್ಡ ಊರಿನಲ್ಲಿರುತ್ತದೆ. ಏಳನೆಯ ತರಗತಿ ಮುಗಿಸಿದ ಹುಡುಗಿಯನ್ನು ದೂರದ ಊರಿಗೆ ನಡೆಸಿ ಕಳುಹಿಸಲು ಹೆತ್ತವರು ಅಂಜುತ್ತಿದ್ದರು. ದೂರವೇ ಅವಳ ಓದಿನ ಗಡಿಯಾಗುತ್ತಿತ್ತು. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಬಾಲಕಿಯರಿಗೆ ಉಚಿತ ಸೈಕಲ್ಲು ನೀಡುವ ಯೋಜನೆಯನ್ನು ಆರಂಭಿಸಿ, ಮುಂದೆ ಅದನ್ನು ಬಾಲಕರಿಗೂ ವಿಸ್ತರಿಸಿತು. ಅದೇ ವರ್ಷ ಬಿಹಾರದಲ್ಲಿಯೂ ಬಾಲಕಿಯರಿಗಾಗಿ ಇಂತಹ ಯೋಜನೆ ಜಾರಿಗೆ ಬಂತು. ಬಿಹಾರದ ಯೋಜನೆಯನ್ನು ಅಭ್ಯಸಿಸಿದ ಅರ್ಥಶಾಸ್ತ್ರಜ್ಞರು, ಪ್ರೌಢಶಾಲೆ ದೂರವಿದ್ದ ಹಳ್ಳಿಗಳಲ್ಲಿಯೇ ಬಾಲಕಿಯರ ದಾಖಲಾತಿ ಹೆಚ್ಚಾಗಿ ಏರಿತೆಂದು ಕಂಡುಕೊಂಡರು. ಕರ್ನಾಟಕದ ಯೋಜನೆ ಕೊರೋನಾ ರೋಗದ ಕಾಲದಲ್ಲಿ, ಎಂದರೆ 2020-21ರಲ್ಲಿ, ಸ್ಥಗಿತಗೊಂಡಿತು. ಆದರೆ ಅಷ್ಟರೊಳಗೆ ಹಿಂಡುಹಿಂಡಾಗಿ ಸೈಕಲ್ಲೇರಿ ಶಾಲೆಗೆ ಹೋಗುವ ಹುಡುಗಿಯರ ನೋಟ ಈ ನಾಡಿನ ದಾರಿಗಳಿಗೆ ಸಹಜವಾಗಿಬಿಟ್ಟಿತ್ತು.

ಸೈಕಲ್ಲು ಗಡಿಯನ್ನು ಗೆದ್ದ ಕಥೆ ದೂರದ ಪೂರ್ವ ಆಫ್ರಿಕದಲ್ಲಿಯೂ ಇದೆ. ಯುಗಾಂಡ 1962ರಲ್ಲಿಯೂ ಕೀನ್ಯ 1963ರಲ್ಲಿಯೂ ಸ್ವತಂತ್ರವಾದವು. ಬ್ರಿಟಿಷರು ಎಳೆದ ಗೆರೆ ಎರಡು ದೇಶಗಳ ಗಡಿಯಾಯಿತು. ಬುಸಿಯಾ ಎಂಬ ಊರು ಆ ಗಡಿಯ ಎರಡೂ ಬದಿಗೆ ಹಬ್ಬಿದೆ. ಒಂದೇ ಭಾಷೆಯನ್ನಾಡುವ ಬಂಧುಗಳು ಆಚೆಗೂ ಈಚೆಗೂ ಹಂಚಿಹೋಗಿದ್ದಾರೆ. ಒಂದು ದೇಶದ ಚೌಕಿಗೂ ಇನ್ನೊಂದು ದೇಶದ ಚೌಕಿಗೂ ನಡುವಣ ದಾರಿಯಲ್ಲಿ ಸಾಮಾನು ಹೊತ್ತು ನಡೆಯುವುದು ಪ್ರಯಾಣಿಕರಿಗೆ ಪ್ರಯಾಸವಾಗುತ್ತಿತ್ತು. ಅಲ್ಲಿಯ ತರುಣರು ಸೈಕಲ್ಲಿನ ಕ್ಯಾರಿಯರಿಗೆ ಮೆತ್ತೆ ಕಟ್ಟಿ, ಜನರನ್ನು ಕೂರಿಸಿಕೊಂಡು ಒಂದು ಗಡಿಯಿಂದ ಇನ್ನೊಂದಕ್ಕೆ ಮುಟ್ಟಿಸತೊಡಗಿದರು. ಗಡಿ ಎಂಬ ಅರ್ಥದ 'ಬಾರ್ಡರ್' ಎಂಬ ಮಾತನ್ನೇ ಎರಡು ಬಾರಿ ಕೂಗಿ ಗಿರಾಕಿಗಳನ್ನು ಕರೆಯುತ್ತಿದ್ದುದರಿಂದ ಆ ಬಾಡಿಗೆ ಸೈಕಲ್ಲಿಗೆ 'ಬೋಡ ಬೋಡ' ಎಂಬ ಹೆಸರು ಬಂತೆಂದು ಹೇಳುತ್ತಾರೆ. ಇಲ್ಲಿಯಂತೆಯೇ ಅಲ್ಲಿಯೂ ಈಗ ಮೋಟಾರು ಸೈಕಲ್ಲುಗಳು ಆ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿವೆ; ಹೆಸರು ಮಾತ್ರ ಹಳೆಯದೇ ಉಳಿದಿದೆ.

ಬುಸಿಯಾದ ತರುಣನಿಗೂ ಎಡೆದೊರೆ ನಾಡಿನ ವಿದ್ಯಾರ್ಥಿನಿಗೂ ಪರಿಚಯವಿಲ್ಲ. ಆದರೂ ಇಬ್ಬರೂ ಒಂದೇ ಕೆಲಸವನ್ನು ಮಾಡಿದ್ದಾರೆ. ಬೇರೆಯವರು ಎಳೆದ ಗೆರೆಯನ್ನು ತಮ್ಮ ಕಾಲಿನ ಬಲದಿಂದ ದಾಟಿದ್ದಾರೆ. ಇಂದು ಹೆದ್ದಾರಿಗಳಲ್ಲಿ ಲಾರಿಗಳ ವೇಗ ಹೆಚ್ಚಿದೆ. ಸೈಕಲ್ ಸವಾರರಿಗೆ ಅಂಚಿನಲ್ಲಿ ಜಾಗ ಕಡಿಮೆಯಾಗಿದೆ. ಅವರಿಗೆ ಪ್ರತ್ಯೇಕ ದಾರಿ, ನೆರಳಿಗೆ ಮರ, ಕುಡಿಯಲು ನೀರು ಒದಗಿಸುವುದು ದೊಡ್ಡ ಖರ್ಚಿನ ಮಾತಲ್ಲ. ಕೋಟೆ ಕಟ್ಟಿದ ಅರಸರು ಗಡಿಗಳನ್ನು ಕಾಯಲು ಅಪಾರ ಧನವನ್ನು ವ್ಯಯಿಸಿದರು. ಆ ಗಡಿಗಳು ಉಳಿಯಲಿಲ್ಲ. ಆ ಕೋಟೆಗಳ ನೆರಳಿನಲ್ಲಿ ಹಾದು ಶಾಲೆಗೂ ಹೊಲಕ್ಕೂ ಸಂತೆಗೂ ಹೋಗುವ ಜನರ ದಾರಿ ಮಾತ್ರ ಉಳಿದಿದೆ. ಆ ದಾರಿಯನ್ನು ಸುಗಮವಾಗಿಡುವುದು ನಾಡಿನ ಹೊಣೆ.